ನನ್ನ ತಲೆಯಲ್ಲಿರುವ ಆ ಮನೆ ಸಿನಿಮಾ ನೋಡಿದ ಮೇಲೂ ಉಳಿಯುತ್ತಾ?

ಪ್ರಶ್ನೆ: ಹದಿನಾರನೇ ವಯಸ್ಸಿನಲ್ಲಿ ಒಂದು ಹಾರರ್ ಕಾದಂಬರಿ ಓದಿದೆ. ಈಗ ನನಗೆ ಇಪ್ಪತ್ತೊಂಬತ್ತು. ಇಷ್ಟರಲ್ಲಿ ಐದು ಸಲ ಓದಿ ಮುಗಿಸಿದ್ದೇನೆ. ಏಳುನೂರು ಪುಟದ ಪುಸ್ತಕ. ಒಂದು ಹಳೇ ಮನೆ, ಅಲ್ಲಿಗೆ ಬಂದ ಒಬ್ಬ ತಾಯಿ, ಅವಳ ಮಗ. ಆ ಮನೆಯಲ್ಲಿ ಇರುವುದು ಏನು ಅಂತ ಲೇಖಕರು ಕೊನೆವರೆಗೂ ತೋರಿಸುವುದಿಲ್ಲ. ಈಗ ಅದು ಸಿನಿಮಾ ಆಗುತ್ತಿದೆ. ಸುದ್ದಿ ಕೇಳಿದ ದಿನ ಕುಣಿದಾಡಿದೆ. ಆಮೇಲೆ ಒಂದೊಂದೇ ವಿಷಯ ಹೊರಬಂತು. ಎರಡೇ ಗಂಟೆಯ ಸಿನಿಮಾ. ತಾಯಿಯ ಪಾತ್ರಕ್ಕೆ ಪುಸ್ತಕದ ವರ್ಣನೆಗೆ ಹೊಂದದ ನಟಿ. ಕೊನೆ ಬದಲಾಗಿದೆ ಅಂತ ಗುಸುಗುಸು. ಟ್ರೇಲರ್‌ನಲ್ಲಂತೂ ಆ ‘ಏನೋ’ ಒಂದರ ಕೈ ಕಾಣಿಸುತ್ತದೆ! ಲೇಖಕರು ಬಾಯಿ ಬಿಡುತ್ತಿಲ್ಲ. ದುಡ್ಡು ತಗೊಂಡು ಸುಮ್ಮನಾದರಾ? ಯಾಕೆ ಹೀಗೆಲ್ಲ ಬದಲಾಯಿಸುತ್ತಾರೆ? ನಾನು ಈ ಸಿನಿಮಾ ನೋಡಬೇಕಾ? ನೋಡಿದರೆ ನನ್ನ ತಲೆಯಲ್ಲಿರುವ ಆ ಮನೆ ಅಳಿಸಿಹೋಗುತ್ತಾ? ನನ್ನ ತಮ್ಮ ಪುಸ್ತಕ ಓದಿಲ್ಲ. ಅವನಿಗೆ ಮೊದಲು ಓದು ಅನ್ನಲಾ, ನೋಡು ಅನ್ನಲಾ?

ಉತ್ತರ: ನೀವು ಕೇಳಿದ್ದು ನಾಲ್ಕೈದು ಪ್ರಶ್ನೆ. ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದಾಗ ನನಗೆ ಕೇಳಿಸಿದ್ದು ಒಂದೇ ಮಾತು. ಹದಿಮೂರು ವರ್ಷ ಕಾಪಾಡಿಕೊಂಡು ಬಂದ ಆ ಮನೆಯೊಳಗೆ ಯಾರೋ ಅಪರಿಚಿತರು ನುಗ್ಗಿ ದೀಪ ಹಾಕಿಬಿಡುತ್ತಾರಾ ಅನ್ನುವ ದಿಗಿಲು. ಇದು ನಿಜವಾದ ದಿಗಿಲು. ‘ಅಯ್ಯೋ, ಸಿನಿಮಾ ತಾನೇ’ ಅಂತ ತಳ್ಳಿಹಾಕುವಂಥದ್ದಲ್ಲ. ನಾನು ಚಿತ್ರಕಥೆ ಬರೆಯುವವನು. ಕಾದಂಬರಿಗಳನ್ನು ಪರದೆಗೆ ತರುವ ಕೆಲಸ ಮಾಡಿದ್ದೇನೆ, ಅದರಲ್ಲಿ ಹಾರರ್ ಕೂಡ ಇದೆ. ಹಾಗಾಗಿ ಆ ದೀಪ ಹಾಕುವವರ ಕಡೆಯಿಂದಲೇ ಮಾತಾಡುತ್ತೇನೆ.

ಬೇರೆ ಕಾದಂಬರಿಗಳ ಅಭಿಮಾನಿಗಳಿಗಿಂತ ಹಾರರ್ ಓದುಗರಿಗೆ ಈ ನೋವು ಯಾಕೆ ಜಾಸ್ತಿ? ಚಿಕ್ಕ ಮಕ್ಕಳಿಗೆ ‘ಗುಮ್ಮ ಬಂತು’ ಅಂದರೆ ಸಾಕು, ಹೆದರುತ್ತವೆ. ಗುಮ್ಮನಿಗೆ ಎಷ್ಟು ಕಣ್ಣು, ಯಾವ ಬಣ್ಣ ಅಂತ ಯಾರೂ ಹೇಳಿರುವುದಿಲ್ಲ. ಮಗು ತನಗೆ ಯಾವುದು ಭಯವೋ ಅದರಿಂದಲೇ ತನ್ನ ಗುಮ್ಮನನ್ನು ಮಾಡಿಕೊಳ್ಳುತ್ತದೆ. ಹಾರರ್ ಕಾದಂಬರಿ ನಡೆಯುವುದೂ ಹೀಗೆಯೇ. ಲೇಖಕರು ಬಾಗಿಲ ಹಿಂದೆ ಸದ್ದು ಕೊಡುತ್ತಾರೆ, ಬಾಗಿಲ ಹಿಂದೆ ಯಾರನ್ನು ನಿಲ್ಲಿಸಬೇಕು ಅನ್ನುವುದನ್ನು ನೀವು ತೀರ್ಮಾನಿಸುತ್ತೀರಿ. ನಿಮ್ಮ ಪುಸ್ತಕದ ಆ ‘ಏನೋ’ ಅರ್ಧ ನಿಮ್ಮದೇ ಕೈಕೆಲಸ. ಅದಕ್ಕೇ ಟ್ರೇಲರ್‌ನಲ್ಲಿ ಬೇರೆ ಕೈ ಕಂಡಾಗ ನಿಮಗೆ ಹಾಗಾಯಿತು.

ಈಗ ಆ ಕೈಯ ವಿಷಯಕ್ಕೇ ಬರೋಣ. ಅದೇ ನಿಮ್ಮ ಪತ್ರದ ಮುಖ್ಯ ವಿಷಯ ಅಂತ ನನಗನಿಸುತ್ತದೆ.

ಶರ್ಲಿ ಜಾಕ್ಸನ್ 1959ರಲ್ಲಿ ಬರೆದ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ನಲ್ಲಿ ಒಂದು ಪ್ರಸಂಗ ಇದೆ. ಕತ್ತಲೆ ಕೋಣೆ. ಗೋಡೆಯಾಚೆ ಯಾರೋ ಗೊಣಗುವ ಸದ್ದು. ನಾಯಕಿ ಹೆದರಿ ಪಕ್ಕದಲ್ಲಿದ್ದ ಗೆಳತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಬೆಳಕು ಬಂದಾಗ ನೋಡಿದರೆ ಗೆಳತಿ ಅಲ್ಲಿಲ್ಲ, ದೂರದಲ್ಲಿದ್ದಾಳೆ. ಹಾಗಾದರೆ ಇಷ್ಟು ಹೊತ್ತು ಹಿಡಿದುಕೊಂಡಿದ್ದು ಯಾರ ಕೈ? 1963ರಲ್ಲಿ ರಾಬರ್ಟ್ ವೈಸ್ ಇದನ್ನು ಸಿನಿಮಾ ಮಾಡಿದರು. ಅದರಲ್ಲೂ ಆ ಇನ್ನೊಂದು ಕೈ ಕಾಣುವುದಿಲ್ಲ. ಇಡೀ ಸಿನಿಮಾದಲ್ಲಿ ದೆವ್ವವೇ ಕಾಣುವುದಿಲ್ಲ. ಸದ್ದು ಇದೆ, ಒಳಮುಖವಾಗಿ ಉಬ್ಬುವ ಒಂದು ಬಾಗಿಲು ಇದೆ, ನಟಿಯ ಮುಖ ಇದೆ. ಅಷ್ಟೇ. 1999ರಲ್ಲಿ ಅದೇ ಕಾದಂಬರಿಯನ್ನು ಮತ್ತೆ ತೆಗೆದರು. ಆಗ ಕಂಪ್ಯೂಟರ್ ಗ್ರಾಫಿಕ್ಸ್ ಕೈಗೆ ಸಿಕ್ಕಿತ್ತು. ಮನೆಯೇ ಕೈಕಾಲು ಚಾಚಿತು, ಕೆತ್ತನೆಗಳು ಕಣ್ಣು ಬಿಟ್ಟವು. ಎರಡನ್ನೂ ನೋಡಿದವನಾಗಿ ಹೇಳುತ್ತೇನೆ, ಇವತ್ತಿಗೂ ರಾತ್ರಿ ನನ್ನನ್ನು ಕಾಡುವುದು ಆ ಕಪ್ಪುಬಿಳುಪು ಬಾಗಿಲೇ.

ಹಾಗಂತ ತೋರಿಸಿದ ಕೂಡಲೇ ಕೆಟ್ಟಿತು ಅಂತಲ್ಲ. ಜಪಾನಿನ ‘ರಿಂಗ್’ ನೆನಪಿದೆಯಾ? ಟಿವಿ ಪರದೆಯಿಂದ ಉದ್ದ ಕೂದಲಿನ ಹುಡುಗಿ ತೆವಳಿಕೊಂಡು ಹೊರಗೆ ಬರುತ್ತಾಳಲ್ಲ, ಆ ದೃಶ್ಯ. ಕೋಜಿ ಸುಜುಕಿ ಅವರ 1991ರ ಕಾದಂಬರಿಯಲ್ಲಿ ಅದು ಇಲ್ಲವೇ ಇಲ್ಲ. 1998ರ ಸಿನಿಮಾಕ್ಕಾಗಿ ಹುಟ್ಟಿದ್ದು. ಕಾದಂಬರಿಯ ಪತ್ರಕರ್ತ ಗಂಡಸು, ಸಿನಿಮಾದಲ್ಲಿ ಹೆಂಗಸು. ಇಷ್ಟೆಲ್ಲ ಬದಲಾದರೂ ಆ ಸಿನಿಮಾ ಪುಸ್ತಕಕ್ಕೆ ಮೋಸ ಮಾಡಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ಕಾದಂಬರಿಯ ಭಯದ ಬೇರು ಒಂದೇ: ಆ ಶಾಪದ ವಿಡಿಯೊ ನೋಡಿದವರಿಗೆ ಬಿಡುಗಡೆ ಇಲ್ಲ, ಬದುಕಬೇಕಾದರೆ ಇನ್ನೊಬ್ಬರಿಗೆ ದಾಟಿಸಬೇಕು. ಆ ಬೇರನ್ನು ಅವರು ಕತ್ತರಿಸಲಿಲ್ಲ. ನೋಡುತ್ತಿರುವ ಟಿವಿಯಿಂದಲೇ ಅದು ಹೊರಬರುವಂತೆ ಮಾಡಿ ಇನ್ನೂ ಆಳಕ್ಕೆ ಇಳಿಸಿದರು.

ಈ ಬೇರಿನ ಮಾತನ್ನು ನೆನಪಿಟ್ಟುಕೊಳ್ಳಿ. ಎಷ್ಟು ಬದಲಾಯಿತು ಅಂತ ಲೆಕ್ಕ ಹಾಕುತ್ತಾ ಕೂತರೆ ಯಾವ ಸಿನಿಮಾವೂ ಪಾಸಾಗುವುದಿಲ್ಲ. ಈ ಕಥೆ ನಿಜವಾಗಿ ಯಾವುದಕ್ಕೆ ಹೆದರಿತ್ತು, ಸಿನಿಮಾವೂ ಅದಕ್ಕೇ ಹೆದರುತ್ತಿದೆಯಾ ಅಂತ ನೋಡಬೇಕು. ಚಿತ್ರಕಥೆ ಬರೆಯಲು ಕೂತಾಗ ನಾನು ಮೊದಲು ನನ್ನನ್ನೇ ಕೇಳಿಕೊಳ್ಳುವ ಪ್ರಶ್ನೆಯೂ ಇದೇ.

ಸ್ಟೀಫನ್ ಕಿಂಗ್ ಅವರ ‘ದಿ ಶೈನಿಂಗ್’ ಇದಕ್ಕೆ ಒಳ್ಳೆಯ ಉದಾಹರಣೆ. 1977ರ ಕಾದಂಬರಿ, 1980ರಲ್ಲಿ ಸ್ಟಾನ್ಲಿ ಕುಬ್ರಿಕ್ ಸಿನಿಮಾ ಮಾಡಿದರು. ಜಗತ್ತೇ ಕೊಂಡಾಡಿದ ಆ ಸಿನಿಮಾ ಕಿಂಗ್ ಅವರಿಗೆ ಹಿಡಿಸಲಿಲ್ಲ. ಕಾದಂಬರಿಯಲ್ಲಿ ಗಿಡಗಳನ್ನು ಕತ್ತರಿಸಿ ಮಾಡಿದ ಪ್ರಾಣಿಗಳಿಗೆ ಜೀವ ಬರುತ್ತದೆ, ಸಿನಿಮಾದಲ್ಲಿ ಅವುಗಳ ಜಾಗಕ್ಕೆ ಗಿಡಗಳ ಜಟಿಲ ದಾರಿ ಬಂತು. ಕಥೆ ನಡೆಯುವ ಹೋಟೆಲಿನ ಕೋಣೆಯ ನಂಬರ್ 217 ಹೋಗಿ 237 ಆಯಿತು. ಇವೆಲ್ಲ ಸಣ್ಣಪುಟ್ಟವು. ಕಿಂಗ್ ಅವರ ನಿಜವಾದ ದೂರು ಅಪ್ಪನ ಪಾತ್ರದ್ದು. ಪುಸ್ತಕದ ಅಪ್ಪ ಕುಡಿತದ ಜೊತೆ ಹೋರಾಡುತ್ತಿರುವ, ಮಗನನ್ನು ಪ್ರೀತಿಸುವ ಮನುಷ್ಯ. ಅವನು ನಿಧಾನವಾಗಿ ಮುರಿದುಬೀಳುವುದೇ ಅಲ್ಲಿನ ಭಯ. ಸಿನಿಮಾದಲ್ಲಿ ಮೊದಲ ದೃಶ್ಯದಿಂದಲೇ ಅವನಲ್ಲಿ ಏನೋ ಸರಿಯಿಲ್ಲ ಅನಿಸುತ್ತದೆ. ಪುಸ್ತಕದ ಕೊನೆಯಲ್ಲಿ ಒಂದು ಕ್ಷಣ ಅಪ್ಪ ಮರಳಿ ಬಂದು ಮಗನಿಗೆ ಓಡಿಹೋಗು ಅನ್ನುತ್ತಾನೆ. ಸಿನಿಮಾದಲ್ಲಿ ಆ ಕ್ಷಣ ಇಲ್ಲ. ಅದು ದೊಡ್ಡ ಸಿನಿಮಾ ಹೌದು, ನಾನೂ ಎಷ್ಟೋ ಸಲ ನೋಡಿದ್ದೇನೆ. ಆದರೆ ಅದು ಬೇರೆ ಭಯದ ಸಿನಿಮಾ. 1997ರಲ್ಲಿ ಕಿಂಗ್ ತಾವೇ ಚಿತ್ರಕಥೆ ಬರೆದು ಕಿರು ಟಿವಿ ಸರಣಿ ಮಾಡಿಸಿದರು. ಪುಸ್ತಕಕ್ಕೆ ಹೆಚ್ಚು ಹತ್ತಿರ ಇತ್ತು. ಆದರೂ ಜನರ ನೆನಪಿನಲ್ಲಿ ನಿಂತದ್ದು ಕುಬ್ರಿಕ್ ಅವರದ್ದೇ. ಅಂದರೆ ಪುಸ್ತಕವನ್ನು ಪುಟಪುಟವೂ ಹಿಂಬಾಲಿಸಿದರೆ ಸಿನಿಮಾ ಗೆಲ್ಲುತ್ತದೆ ಅನ್ನುವುದೂ ಒಂದು ತಪ್ಪು ನಂಬಿಕೆ.

ಬದಲಾಯಿಸುವುದು ಯಾಕೆ ಅಂತ ಕೇಳಿದ್ದೀರಿ. ಚಿತ್ರಕಥೆಯ ಒಂದು ಪುಟ ಅಂದರೆ ಪರದೆಯ ಮೇಲೆ ಸುಮಾರು ಒಂದು ನಿಮಿಷ. ಎರಡು ಗಂಟೆ ಅಂದರೆ ಸುಮಾರು 120 ಪುಟ. ಅದೂ ಅರ್ಧ ಖಾಲಿ ಇರುವ ಪುಟಗಳು. ನಿಮ್ಮ ಏಳುನೂರು ಪುಟ ಅಲ್ಲಿಗೆ ಹಿಡಿಸುವುದಿಲ್ಲ. ಆದರೆ ಉದ್ದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಕಾದಂಬರಿಯಲ್ಲಿ ಭಯ ಮನಸ್ಸಿನೊಳಗೆ ನಡೆಯುತ್ತದೆ, ಕ್ಯಾಮೆರಾಕ್ಕೆ ಮನಸ್ಸು ಕಾಣುವುದಿಲ್ಲ.

ನನ್ನದೇ ಅನುಭವ ಹೇಳುತ್ತೇನೆ. ಒಂದು ಕಾದಂಬರಿಯಲ್ಲಿ ವಯಸ್ಸಾದ ಹೆಂಗಸೊಬ್ಬಳು ರಾತ್ರಿ ಹಾಸಿಗೆಯಲ್ಲಿ ಮಲಗಿ, ಮಹಡಿ ಹತ್ತುವ ಹೆಜ್ಜೆ ಸದ್ದನ್ನು ಎಣಿಸುತ್ತಾಳೆ. ಮೆಟ್ಟಿಲು ಇರುವುದು ಹನ್ನೆರಡು. ಒಂದು ರಾತ್ರಿ ಹದಿಮೂರನೇ ಹೆಜ್ಜೆ ಕೇಳಿಸುತ್ತದೆ. ಓದುವಾಗ ನನ್ನ ಕೈ ತಣ್ಣಗಾಗಿತ್ತು. ಚಿತ್ರಕಥೆಯಲ್ಲಿ ಬರೆದೆ. ಸೌಂಡ್ ಹಾಕಿ ತೋರಿಸಿದೆವು. ಯಾರೂ ಹೆದರಲಿಲ್ಲ. ಯಾಕೆಂದರೆ ಸಿನಿಮಾ ನೋಡುವವರು ಯಾರೂ ಹೆಜ್ಜೆ ಎಣಿಸುವುದಿಲ್ಲ! ಅವಳ ದನಿಯಲ್ಲೇ ‘ಒಂದು, ಎರಡು’ ಅಂತ ಹಿನ್ನೆಲೆಯಲ್ಲಿ ಹೇಳಿಸಿದೆವು. ಪಾಠ ಓದಿದ ಹಾಗಾಯಿತು. ಕೊನೆಗೆ ಪುಸ್ತಕದಲ್ಲಿ ಇಲ್ಲದ ಒಂದು ಮಗುವನ್ನು ತಂದೆವು. ಅದು ಹಗಲು ಹೊತ್ತು ಜೋರಾಗಿ ಎಣಿಸುತ್ತಾ ಮೆಟ್ಟಿಲು ಕುಪ್ಪಳಿಸುತ್ತದೆ. ಎರಡು ಸಲ. ಎರಡು ಸಲವೂ ಹನ್ನೆರಡಕ್ಕೆ ನಿಂತು ನಗುತ್ತದೆ. ಅಷ್ಟರಲ್ಲಿ ನೋಡುವವರ ಕಿವಿಗೆ ಹನ್ನೆರಡು ಅಭ್ಯಾಸ ಆಗಿರುತ್ತದೆ. ಆಮೇಲೆ ರಾತ್ರಿ ಹದಿಮೂರನೇ ಹೆಜ್ಜೆ ಬಿದ್ದಾಗ ಸಭಾಂಗಣ ಉಸಿರು ಬಿಗಿಹಿಡಿಯಿತು. ಪುಸ್ತಕದ ಅಭಿಮಾನಿಗಳು ‘ಆ ಮಗು ಎಲ್ಲಿಂದ ಬಂತು’ ಅಂತ ಸಿಟ್ಟಾದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವರಿಗೆ ಪ್ರಿಯವಾದ ಆ ಹದಿಮೂರನೇ ಹೆಜ್ಜೆಯನ್ನು ಉಳಿಸಲು ನನಗೆ ಬೇರೆ ದಾರಿ ಸಿಗಲಿಲ್ಲ.

ಎಲ್ಲ ಬದಲಾವಣೆಗಳೂ ಇಷ್ಟು ಒಳ್ಳೆಯ ಕಾರಣಕ್ಕೆ ಆಗುವುದಿಲ್ಲ, ಅದನ್ನೂ ಹೇಳಬೇಕು. ಚಿಕ್ಕ ವಯಸ್ಸಿನವರಿಗೂ ಟಿಕೆಟ್ ಸಿಗುವ ಸರ್ಟಿಫಿಕೇಟ್ ಬೇಕು ಅಂತ ಹಣ ಹಾಕಿದವರು ಕತ್ತರಿ ಹಾಕಿಸುತ್ತಾರೆ. ಬಿಡುಗಡೆಗೆ ಮೊದಲು ಆಯ್ದ ಜನರಿಗೆ ತೋರಿಸಿ, ಅವರು ಮುಖ ಸಿಂಡರಿಸಿದರೆ ಕೊನೆಯನ್ನೇ ಬದಲಿಸುತ್ತಾರೆ. ರಿಚರ್ಡ್ ಮ್ಯಾಥಿಸನ್ ಅವರ 1954ರ ‘ಐ ಆಮ್ ಲೆಜೆಂಡ್’ಗೆ ಆದದ್ದು ಅದೇ. ಕಾದಂಬರಿಯ ಕೊನೆಯಲ್ಲಿ ನಾಯಕನಿಗೆ ಒಂದು ಸತ್ಯ ಹೊಳೆಯುತ್ತದೆ: ರೋಗ ತಗುಲಿ ಬದಲಾದ ಹೊಸ ಜೀವಿಗಳ ಕಣ್ಣಲ್ಲಿ ರಾಕ್ಷಸ ತಾನೇ. ಹೆಸರಿನ ಅರ್ಥವೇ ಅದು. 2007ರ ಸಿನಿಮಾದಲ್ಲಿ ಇದಕ್ಕೆ ಹತ್ತಿರದ ಒಂದು ಕೊನೆಯನ್ನು ಚಿತ್ರೀಕರಿಸಿದ್ದರು. ಪರೀಕ್ಷಾ ಪ್ರದರ್ಶನದಲ್ಲಿ ಜನ ಒಪ್ಪಲಿಲ್ಲ ಅಂತ ಅದನ್ನು ತೆಗೆದು, ನಾಯಕ ಪ್ರಾಣ ಕೊಟ್ಟು ಎಲ್ಲರನ್ನೂ ಉಳಿಸುವ ಕೊನೆ ಹಾಕಿದರು. ಅಲ್ಲಿ ಕಥೆಯ ಬೇರು ಕಿತ್ತುಹೋಯಿತು.

ಅದೇ ವರ್ಷ ಬಂದ ‘ದಿ ಮಿಸ್ಟ್’ ನೋಡಿ. (ನೋಡಿಲ್ಲದಿದ್ದರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಕಿಂಗ್ ಅವರ ನೀಳ್ಗತೆ ಒಂದು ಸಣ್ಣ ಆಸೆಯ ಎಳೆ ಉಳಿಸಿ ಮುಗಿಯುತ್ತದೆ. ಭೀಕರ ಜೀವಿಗಳು ಅಡಗಿರುವ ಮಂಜಿನೊಳಗೆ ಕಾರು ಹೋಗುತ್ತಲೇ ಇರುತ್ತದೆ. ಸಿನಿಮಾದಲ್ಲಿ ಇನ್ನು ದಾರಿಯೇ ಇಲ್ಲ ಅಂತ ಅಪ್ಪ ತನ್ನ ಮಗನನ್ನೂ ಜೊತೆಯವರನ್ನೂ ಕೊಲ್ಲುತ್ತಾನೆ. ಸ್ವಲ್ಪ ಹೊತ್ತಿಗೆಲ್ಲ ಮಂಜು ಕರಗಿ ಸೈನ್ಯ ಬರುತ್ತದೆ. ಇದಕ್ಕಿಂತ ದೊಡ್ಡ ಬದಲಾವಣೆ ಇಲ್ಲ. ಆದರೆ ಕಥೆ ಶುರುವಿನಿಂದ ಕೇಳುತ್ತಿದ್ದ ಪ್ರಶ್ನೆ ಇದ್ದದ್ದೇ ಅದು: ಮನುಷ್ಯ ಎಷ್ಟು ಹೊತ್ತು ಆಸೆ ಹಿಡಿದುಕೊಂಡಿರಬಲ್ಲ? ಕಿಂಗ್ ಆ ಕೊನೆಯನ್ನು ಮನಸಾರೆ ಮೆಚ್ಚಿಕೊಂಡರು. ಹಾಗಾಗಿ ‘ಕೊನೆ ಬದಲಾಗಿದೆ’ ಅನ್ನುವ ಗುಸುಗುಸು ಒಂದನ್ನೇ ಹಿಡಿದುಕೊಂಡು ಈಗಲೇ ಅಳಬೇಡಿ. ಯಾವ ಕಡೆಗೆ ಬದಲಾಗಿದೆ ಅನ್ನುವುದು ನೋಡಿದ ಮೇಲಷ್ಟೇ ಗೊತ್ತಾಗುವುದು.

ನಟಿಯ ವಿಷಯದಲ್ಲಿ ನಾನು ನಿಮ್ಮಷ್ಟು ಚಿಂತೆ ಮಾಡುವುದಿಲ್ಲ. ರಾಬರ್ಟ್ ಬ್ಲಾಕ್ ಅವರ ‘ಸೈಕೋ’ ಕಾದಂಬರಿಯ ನಾರ್ಮನ್ ಬೇಟ್ಸ್ ನಡುವಯಸ್ಸಿನ, ದಪ್ಪ ದೇಹದ, ಕುಡಿಯುವ ಮನುಷ್ಯ. ಹಿಚ್‌ಕಾಕ್ ಅವರ 1960ರ ಸಿನಿಮಾದಲ್ಲಿ ತೆಳ್ಳಗಿನ, ನಾಚಿಕೆ ಸ್ವಭಾವದ, ಪಾಪ ಅನಿಸುವ ಹುಡುಗ. ಇವನಿಂದ ಏನೂ ಆಗದು ಅಂತ ನಾವು ನಂಬುವುದರಿಂದಲೇ ಆ ಕಥೆ ಪರದೆಯ ಮೇಲೆ ನಡೆಯುತ್ತದೆ. ಮುಖ ಹೊಂದುವುದಕ್ಕಿಂತ ಆ ಭಯವನ್ನು ಹೊರುವ ಶಕ್ತಿ ಇದೆಯಾ ಅನ್ನುವುದು ಮುಖ್ಯ.

ಇನ್ನು ಲೇಖಕರ ಮೌನ. ದಯವಿಟ್ಟು ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಸಾಮಾನ್ಯವಾಗಿ ನಿರ್ಮಾಪಕರು ಮೊದಲು ಒಂದು ಸಣ್ಣ ಮೊತ್ತ ಕೊಟ್ಟು ಒಂದು ವರ್ಷಕ್ಕೋ ಒಂದೂವರೆ ವರ್ಷಕ್ಕೋ ಹಕ್ಕನ್ನು ಕಾಯ್ದಿರಿಸುತ್ತಾರೆ. ಸಿನಿಮಾ ಕೈಗೂಡಿದರೆ ಮಾತ್ರ ಪೂರ್ತಿ ಹಣ. ಎಷ್ಟೋ ಕಾದಂಬರಿಗಳು ಅಲ್ಲೇ ನಿಂತುಹೋಗುತ್ತವೆ. ಹಕ್ಕು ಕೊಟ್ಟ ಮೇಲೆ ಕೊನೆಯ ಮಾತು ಹೆಚ್ಚಾಗಿ ಲೇಖಕರದ್ದಲ್ಲ. ಬಾಯಿ ಬಿಡಬಾರದು ಅನ್ನುವ ಷರತ್ತೂ ಕರಾರಿನಲ್ಲಿ ಇರಬಹುದು. ‘ದಿ ಲಾನ್‌ಮೋವರ್ ಮ್ಯಾನ್’ ಅನ್ನುವ 1992ರ ಸಿನಿಮಾಕ್ಕೂ ತಮ್ಮ ಕಥೆಗೂ ಸಂಬಂಧವೇ ಉಳಿದಿಲ್ಲ ಅಂತ ಕಿಂಗ್ ಕೋರ್ಟಿಗೆ ಹೋಗಬೇಕಾಯಿತು. ಅದೂ ಸಿನಿಮಾ ತಡೆಯಲು ಅಲ್ಲ, ತಮ್ಮ ಹೆಸರು ತೆಗೆಸಲು. ಅಷ್ಟು ದೊಡ್ಡ ಹೆಸರಿನವರ ಗತಿಯೇ ಅದು. ಅಪರೂಪಕ್ಕೆ ಲೇಖಕರೇ ಬರೆಯುತ್ತಾರೆ. ‘ದಿ ಎಕ್ಸಾರ್ಸಿಸ್ಟ್’ ಬರೆದ ವಿಲಿಯಂ ಪೀಟರ್ ಬ್ಲಾಟಿ 1973ರ ಸಿನಿಮಾಕ್ಕೆ ತಾವೇ ಚಿತ್ರಕಥೆ ಬರೆದು ಆಸ್ಕರ್ ಪಡೆದರು. ಸ್ವೀಡನ್ನಿನ ‘ಲೆಟ್ ದಿ ರೈಟ್ ಒನ್ ಇನ್’ ಸಿನಿಮಾಕ್ಕೂ ಕಾದಂಬರಿಕಾರರೇ ಚಿತ್ರಕಥೆ ಬರೆದರು. ಅಲ್ಲಿ ಗಮನಿಸಬೇಕಾದ್ದು ಒಂದಿದೆ. ತಮ್ಮದೇ ಕಾದಂಬರಿಯ ಎಷ್ಟೋ ಉಪಕಥೆಗಳನ್ನು ಕೈಬಿಟ್ಟು, ಇಬ್ಬರು ಮಕ್ಕಳ ಒಂಟಿತನವನ್ನಷ್ಟೇ ಅವರು ಉಳಿಸಿಕೊಂಡರು. ಬೇರು ಯಾವುದು ಅಂತ ಅವರಿಗೆ ಗೊತ್ತಿತ್ತು.

ಸರಣಿ ಮಾಡಿದ್ದರೆ ಚೆನ್ನಾಗಿರುತ್ತಿತ್ತಲ್ಲ ಅಂತ ನಿಮಗೆ ಅನಿಸಿರಬಹುದು. ಜಾಗ ಸಿಗುತ್ತದೆ, ನಿಜ. ಆದರೆ ಭಯವನ್ನು ಹತ್ತು ಗಂಟೆ ಎಳೆದರೆ ಅದು ತೆಳುವಾಗುತ್ತದೆ. ಪ್ರತಿ ಕಂತಿನ ಕೊನೆಗೂ ಒಂದು ಬೆಚ್ಚಿಬೀಳಿಸುವ ತಿರುವು ಬೇಕಾಗುತ್ತದೆ. ನಿಧಾನವಾಗಿ ಕಟ್ಟುವ ಕಾದಂಬರಿಗೆ ಅದೂ ಒಂದು ಹೊಡೆತವೇ.

ಈಗ ಕಷ್ಟದ ಪ್ರಶ್ನೆ. ನಿಮ್ಮ ತಲೆಯಲ್ಲಿರುವ ಮನೆ ಅಳಿಸಿಹೋಗುತ್ತಾ? ಏನೂ ಆಗುವುದಿಲ್ಲ, ಪುಸ್ತಕ ಕಪಾಟಿನಲ್ಲೇ ಇರುತ್ತದಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಸಿನಿಮಾ ಪುಸ್ತಕದ ನೆನಪಿನ ಮೇಲೆ ಬಂದು ಕೂರುತ್ತದೆ. ಮೇರಿ ಶೆಲ್ಲಿ 1818ರಲ್ಲಿ ಬರೆದ ‘ಫ್ರಾಂಕೆನ್‌ಸ್ಟೈನ್’ನ ಆ ಜೀವಿ ಪುಸ್ತಕ ಓದುತ್ತದೆ, ತನ್ನ ನೋವನ್ನು ಮನಮುಟ್ಟುವಂತೆ ಹೇಳಿಕೊಳ್ಳುತ್ತದೆ. 1931ರ ಸಿನಿಮಾದಲ್ಲಿ ಅದು ಮಾತು ಬಾರದೆ ಗುರುಗುಟ್ಟುತ್ತದೆ. ಇವತ್ತು ಎಲ್ಲರ ಕಣ್ಣಿಗೆ ಬರುವುದು ಆ ಮೂಕ ಮುಖವೇ. ಬ್ರಾಮ್ ಸ್ಟೋಕರ್ ಅವರ 1897ರ ಡ್ರಾಕುಲಾ ಹಗಲಲ್ಲೂ ಓಡಾಡಬಲ್ಲ, ಶಕ್ತಿ ಕಡಿಮೆ ಇರುತ್ತದೆ ಅಷ್ಟೇ. ಬಿಸಿಲು ತಾಗಿ ಸಾಯುವುದು 1922ರ ‘ನೊಸ್ಫೆರಾಟು’ ಸಿನಿಮಾದಿಂದ ಬಂದದ್ದು. ಆ ಸಿನಿಮಾಕ್ಕೆ ಅನುಮತಿಯೇ ಇರಲಿಲ್ಲ. ಸ್ಟೋಕರ್ ಅವರ ಹೆಂಡತಿ ಕೇಸು ಹಾಕಿ, ಪ್ರತಿಗಳನ್ನೆಲ್ಲ ನಾಶ ಮಾಡಬೇಕು ಅನ್ನುವ ಆದೇಶ ತಂದರು. ಆದರೂ ಆ ಬಿಸಿಲು ಇವತ್ತಿಗೂ ಉಳಿದಿದೆ. ಪರದೆಯ ಶಕ್ತಿ ಅಂಥದ್ದು.

ಆದರೆ ಊರಿಗೆಲ್ಲ ಆಗುವುದು ಐದು ಸಲ ಓದಿದವರಿಗೆ ಹಾಗೇ ಆಗುವುದಿಲ್ಲ. ನನಗೆ ಆಗಿರುವುದನ್ನು ಹೇಳುತ್ತೇನೆ. ಮುಖ ಹೋಗುತ್ತದೆ. ಸಿನಿಮಾ ನೋಡಿದ ಮೇಲೆ ಪುಸ್ತಕ ತೆರೆದರೆ ಮೊದಲು ಬರುವುದು ನಟರ ಮುಖವೇ. ಮನೆ ಮಾತ್ರ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಮೆಟ್ಟಿಲು ಯಾವ ಕಡೆ, ಕಿಟಕಿ ಎಲ್ಲಿ, ಯಾವ ಬಾಗಿಲ ಹತ್ತಿರ ಎದೆ ಹೊಡೆದುಕೊಳ್ಳುತ್ತದೆ, ಇವು ಓದಿನ ಜೊತೆಗೇ ಮರಳಿ ಬರುತ್ತವೆ. ಇನ್ನೊಂದು ಸಲ ಓದುವಷ್ಟರಲ್ಲಿ ಮುಖಗಳೂ ಮಸುಕಾಗುತ್ತವೆ.

ಹಾಗಾದರೆ ಏನು ಮಾಡಬೇಕು? ನೋಡದೇ ಇರುವುದೂ ತಪ್ಪಲ್ಲ. ಆದರೆ ಪೋಸ್ಟರ್, ಹಾಡು, ತುಣುಕು ಎಲ್ಲ ಕಡೆಯಿಂದಲೂ ಬಂದು ಬೀಳುತ್ತವೆ. ಪೂರ್ತಿ ಸಿನಿಮಾ ನೋಡದೆ ಅದರ ಕೆಟ್ಟ ಚೂರುಗಳನ್ನು ಮಾತ್ರ ನೋಡಿದ ಹಾಗಾಗಬಹುದು. ಮೊದಲ ದಿನವೇ ಅಭಿಮಾನಿಗಳ ಜೊತೆ ಹೋದರೆ ಖುಷಿ ಇರುತ್ತದೆ, ಆದರೆ ಆ ಎರಡು ಗಂಟೆ ‘ಇದು ಬಿಟ್ಟರು, ಅದು ಬಿಟ್ಟರು’ ಅನ್ನುವ ಲೆಕ್ಕದಲ್ಲೇ ಕಳೆಯುತ್ತದೆ. ನನ್ನ ಸಲಹೆ ಬೇರೆ. ಟ್ರೇಲರ್ ನೋಡುವುದನ್ನು ಇವತ್ತೇ ನಿಲ್ಲಿಸಿ. ಅವನ್ನು ಹೆಚ್ಚಾಗಿ ಕತ್ತರಿಸುವವರು ಬೇರೆಯವರು, ನಿರ್ದೇಶಕರಲ್ಲ. ಆ ಕೈ ಸಿನಿಮಾದಲ್ಲಿ ಇಲ್ಲದೆಯೂ ಇರಬಹುದು. ಬಿಡುಗಡೆಗೆ ಮೊದಲು ಪುಸ್ತಕವನ್ನು ಮತ್ತೆ ಓದಬೇಡಿ. ಓದಿದರೆ ಒಂದೊಂದು ಸಾಲೂ ಕಣ್ಣೆದುರು ಇರುತ್ತದೆ. ಅದರ ಬದಲು ಒಂದು ಚೀಟಿಯಲ್ಲಿ ಎರಡು ಮೂರು ಸಾಲು ಬರೆದಿಡಿ: ಈ ಕಥೆ ನನ್ನನ್ನು ಯಾವುದಕ್ಕೆ ಹೆದರಿಸಿತು? ಆ ಮನೆಯ ನಕ್ಷೆಯನ್ನೂ ನಿಮ್ಮ ಕೈಯಿಂದಲೇ ಬಿಡಿಸಿಡಿ. ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ, ಅದು ನಿಮ್ಮದು. ಮೊದಲ ವಾರದ ಗಲಾಟೆ ಕಳೆದ ಮೇಲೆ, ಸಭಾಂಗಣ ತುಂಬಿರದ ಒಂದು ಹೊತ್ತಿಗೆ ಹೋಗಿ ನೋಡಿ. ನೋಡಿದ ಮೇಲೆ ಪುಸ್ತಕ ತೆಗೆಯಿರಿ.

ತಮ್ಮನ ವಿಷಯ. ನೋಡಿ ಆಮೇಲೆ ಓದುವುದರಲ್ಲೂ ಸುಖ ಇದೆ, ಪಾತ್ರಗಳ ಒಳಗು ಗೊತ್ತಾಗುತ್ತದೆ. ಆದರೆ ತೋರಿಸದೇ ಹೆದರಿಸುವ ಕಾದಂಬರಿಯಲ್ಲಿ ಮೊದಲ ಓದು ಒಂದೇ ಸಲ ಸಿಗುವುದು. ಆ ಕೈ ನೋಡಿದ ಮೇಲೆ ಅವನಿಗೆ ತನ್ನದೇ ಗುಮ್ಮನನ್ನು ಕಟ್ಟಿಕೊಳ್ಳುವ ಅವಕಾಶ ಇರುವುದಿಲ್ಲ. ಓದುವ ಹುಡುಗನಾದರೆ ಪುಸ್ತಕ ಮೊದಲು. ಏಳುನೂರು ಪುಟಕ್ಕೆ ಹೆದರಿದರೆ ಮೊದಲ ನೂರು ಪುಟ ಓದಲು ಹೇಳಿ ಸಾಕು, ಮನೆ ಅಷ್ಟರಲ್ಲಿ ಕಟ್ಟಿ ಆಗಿರುತ್ತದೆ. ಓದುವ ಮನಸ್ಸೇ ಇಲ್ಲ ಅಂದರೆ ಬಲವಂತ ಬೇಡ, ಹಾಗೇ ಸಿನಿಮಾಕ್ಕೆ ಕರೆದುಕೊಂಡು ಹೋಗಿ. ನೀವು ಹೋಲಿಕೆಯಲ್ಲಿ ಕಳೆದುಹೋದಾಗ ಪಕ್ಕದಲ್ಲಿ ಅವನು ಕುರ್ಚಿಯ ಕೈ ಹಿಡಿದುಕೊಂಡಿದ್ದಾನಾ ಅಂತ ನೋಡಿ.

ಹೊರಗೆ ಬಂದ ಮೇಲೆ ನಿಮ್ಮ ಅಭಿಪ್ರಾಯ ಹೇಳುವ ಮುಂಚೆ ಅವನನ್ನೇ ಕೇಳಿ: ‘ಆ ಮನೆಯಲ್ಲಿ ಇದ್ದದ್ದು ಏನೋ?’ ಅವನು ಥಟ್ಟಂತ ಒಂದೇ ಪದದಲ್ಲಿ ಉತ್ತರ ಹೇಳಿಬಿಟ್ಟರೆ ಸಿನಿಮಾ ಜಾಸ್ತಿ ತೋರಿಸಿಬಿಟ್ಟಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೊತ್ತಿಲ್ಲ ಅಕ್ಕಾ, ಆದರೆ…’ ಅಂತ ತಡವರಿಸಿದರೆ, ಚೀಟಿ ತೆಗೆದು ಅವನಿಗೆ ತೋರಿಸಿ.